ಎಫ್(ಎಕ್ಸ್) ಕೊನೆಗೆ, ನೆಲ್ಲಿನ ಚೀಲ ಮೊದಲು

ಫಂಕ್ಷನ್ (ಒಂದು ಸಂಖ್ಯೆ ಕೊಟ್ಟರೆ ಒಂದೇ ಉತ್ತರ ಕೊಡುವ ನಿಯಮ) ಪಾಠದ ಮೊದಲ ದಿನವೇ ಬೋರ್ಡಿನ ಮೇಲೆ ಎಫ್(ಎಕ್ಸ್) ಬರೆದರೆ ಮಕ್ಕಳು ಅದನ್ನು ಎಫ್ ಗುಣಿಸು ಎಕ್ಸ್ ಎಂದೇ ಓದುತ್ತಾರೆ. ಕಂಸದ ಪಕ್ಕ ಅಕ್ಷರ ಬಂದರೆ ಗುಣಾಕಾರ ಅಂತ ನಾವೇ ಕಲಿಸಿರುತ್ತೇವೆ, ತಪ್ಪು ಅವರದಲ್ಲ. ಅದಕ್ಕೇ ಮೊದಲು ಲೆಕ್ಕ, ಆಮೇಲೆ ಕೋಷ್ಟಕ, ನಕ್ಷೆ; ಚಿಹ್ನೆ ಕೊನೆಗೆ.

ಸಿಂಧನೂರು, ಗಂಗಾವತಿ ಕಡೆಯ ಮಕ್ಕಳಿಗೆ ನೆಲ್ಲಿನ ಚೀಲ ಹೊಸದಲ್ಲ. ಹೊಲದಿಂದ ರೈಸ್ ಮಿಲ್ಲಿಗೆ ಟ್ರಿಪ್ಪಿಗೆ 400 ರೂಪಾಯಿ ಟ್ರ್ಯಾಕ್ಟರ್ ಬಾಡಿಗೆ, ಚೀಲಕ್ಕೆ 15 ರೂಪಾಯಿ ಹಮಾಲಿ ಅಂದುಕೊಳ್ಳಿ. 0, 10, 20, 40, 60 ಚೀಲಕ್ಕೆ ಖರ್ಚು 400, 550, 700, 1000, 1300. ಸೊನ್ನೆ ಚೀಲಕ್ಕೆ ದುಡ್ಡು ಯಾಕೆ ಎಂದು ಮಕ್ಕಳು ಕೇಳಲಿ. ಟ್ರ್ಯಾಕ್ಟರ್ ಹೊಲದ ತನಕ ಬಂದಿದೆ, ಬಾಡಿಗೆ ಬಿಡಲ್ಲ. ನಕ್ಷೆ ಮೂಲಬಿಂದುವಿನಿಂದ ಹೊರಡದಿರುವುದು ಈ 400ರಿಂದಲೇ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 1 ಸೆಂ.ಮೀ.ಗೆ 10 ಚೀಲ, ಉದ್ದಕ್ಕೆ 1 ಸೆಂ.ಮೀ.ಗೆ 200 ರೂಪಾಯಿ. ಹೆಚ್ಚು ಮಂದಿ ಎಡವುವುದು ಇಲ್ಲೇ: ಕೋಷ್ಟಕದಲ್ಲಿದ್ದ ಸಂಖ್ಯೆಗಳನ್ನು ಹಾಗೇ ಎತ್ತಿ ಎರಡೂ ಅಕ್ಷಗಳ ಮೇಲೆ ಸಮ ಅಂತರದಲ್ಲಿ ಬರೆದುಬಿಡುತ್ತಾರೆ. ಹಾಗೆ ಬರೆದರೆ ಏರುವ ಯಾವ ಕೋಷ್ಟಕವೂ ನೇರ ಗೆರೆಯಾಗಿ ಕಾಣುತ್ತದೆ, ವರ್ಗಸಂಖ್ಯೆಗಳದ್ದೂ ಸಹ. 0, 20, 40, 60 ಮಾತ್ರ ಕೊಟ್ಟರೆ ಈ ತಪ್ಪು ನಮ್ಮ ಕಣ್ಣಿಗೂ ಬೀಳುವುದಿಲ್ಲ; ನಡುವೆ 10 ಸೇರಿಸಿದ್ದು ಅದಕ್ಕೇ.

ಚುಕ್ಕಿಗಳನ್ನು ಕೂಡಿಸುವ ಮುಂಚೆ ನಿಲ್ಲಿಸಿ ಕೇಳಿ: ಇಪ್ಪತ್ತೂವರೆ ಚೀಲಕ್ಕೆ ಹಮಾಲಿ ಇದೆಯೇ? ಇಲ್ಲ ಅಂದಮೇಲೆ ಇಲ್ಲಿ ಚುಕ್ಕಿಗಳಷ್ಟೇ ನಕ್ಷೆ.

ಈಗ ಚಿಹ್ನೆ ತರಬಹುದು: ಎಫ್(ಎಕ್ಸ್) ಅಂದರೆ ಎಕ್ಸ್ ಚೀಲ ಒಂದೇ ಟ್ರಿಪ್ಪಿನಲ್ಲಿ ಸಾಗಿಸುವ ಖರ್ಚು. ಎಫ್(20) = 700, ಎಫ್(40) = 1000. ಆದರೆ ಎಫ್(20) + ಎಫ್(20) = 1400. ಇಪ್ಪತ್ತಿಪ್ಪತ್ತರಂತೆ ಎರಡು ಟ್ರಿಪ್ಪು ಹೊಡೆದರೆ ಬಾಡಿಗೆ ಎರಡು ಸಲ, ನಲವತ್ತನ್ನೂ ಒಟ್ಟಿಗೆ ಹೇರಿದರೆ ಒಂದೇ ಸಲ. ಎಫ್ ಎನ್ನುವುದು ಗುಣಿಸುವ ಸಂಖ್ಯೆಯಲ್ಲ, ಲೆಕ್ಕ ಹಾಕುವ ನಿಯಮ ಎಂಬುದು ಈ 400ರ ವ್ಯತ್ಯಾಸದಲ್ಲೇ ಕಾಣುತ್ತದೆ.

‘ಒಂದಕ್ಕೆ ಒಂದೇ ಉತ್ತರ’ ಎಂಬ ಮಾತಿಗೆ ನಮ್ಮ ಟಿಬಿ (ತುಂಗಭದ್ರಾ) ಡ್ಯಾಮಿಗಿಂತ ಒಳ್ಳೆ ಉದಾಹರಣೆ ಬೇಡ. ಒಳ್ಳೆ ಮಳೆಯಾದ ವರ್ಷ ನೀರು 1633 ಅಡಿಗೆ ತುಂಬಿ, ಬೇಸಿಗೆ ಹೊತ್ತಿಗೆ ಇಳಿಯುತ್ತದೆ. ಅಡ್ಡಕ್ಕೆ ದಿನ, ಉದ್ದಕ್ಕೆ ಬೆಳಗ್ಗೆ 8ರ ನೀರಿನ ಮಟ್ಟ ಹಾಕಿಸಿ. ಸ್ಕೇಲನ್ನು ನೆಟ್ಟಗೆ ನಿಲ್ಲಿಸಿ ಎಡದಿಂದ ಬಲಕ್ಕೆ ಸರಿಸಿದರೆ ಎಲ್ಲೂ ಒಂದಕ್ಕಿಂತ ಹೆಚ್ಚು ಕಡೆ ತಾಗದು. 1620 ಅಡಿಯ ಬಳಿ ಅಡ್ಡ ಇಟ್ಟರೆ ಎರಡು ಕಡೆ ತಾಗುತ್ತದೆ: ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ‘ಎರಡು ಕಡೆ ತಾಗಿತು, ಫಂಕ್ಷನ್ ಅಲ್ಲ’ ಎಂದು ಅರ್ಧ ಕ್ಲಾಸು ಕೂಗುತ್ತದೆ. ಅಡ್ಡ ಸ್ಕೇಲು ಎಷ್ಟು ಕಡೆ ತಾಗಿದರೂ ಅಡ್ಡಿಯಿಲ್ಲ, ನೆಟ್ಟಗಿರುವ ಸ್ಕೇಲೇ ಪರೀಕ್ಷೆ. ಇದು ಬಾಯಿಪಾಠ ಆಗಬಾರದು. ಅಕ್ಷಗಳನ್ನು ಅದಲುಬದಲು ಮಾಡಿ, ಮಟ್ಟ ಅಡ್ಡಕ್ಕೆ, ದಿನ ಉದ್ದಕ್ಕೆ ಇರುವಂತೆ ಅದೇ ನಕ್ಷೆಯನ್ನು ಮತ್ತೆ ಬಿಡಿಸಲು ಹೇಳಿ. ಈಗ ‘ನೀರು 1620 ಅಡಿ ಇದ್ದದ್ದು ಯಾವ ದಿನ?’ ಎಂದು ಕೇಳಿ, ಸ್ಕೇಲನ್ನು ಅವರ ಕೈಗೇ ಕೊಡಿ.