ಡಾಟರ್, ವಾಟರ್, ಲಾಫ್ಟರ್

ಕಳೆದ ವಾರ ರಾತ್ರಿ ಊಟವಾದ ಮೇಲೆ ಆರನೆಯ ತರಗತಿಯಲ್ಲಿ ಓದುವ ನನ್ನ ಅಣ್ಣನ ಮಗಳು ಇಂಗ್ಲಿಷ್ ನೋಟ್‌ಬುಕ್ ಹಿಡಿದು ನನ್ನ ಬಳಿ ಬಂದಳು. ಕೊಟ್ಟ ಪದಗಳಿಗೆ ಪ್ರಾಸಪದ ಬರೆಯುವ ಅಭ್ಯಾಸದಲ್ಲಿ 'ಡಾಟರ್' ಎಂಬ ಪದದ ಎದುರು ಅವಳು 'ವಾಟರ್' ಎಂದು ಬರೆದಿದ್ದಳು. ಅದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ 'ಲಾಫ್ಟರ್' ಎಂದು ತಿದ್ದಲಾಗಿತ್ತು. ಆದರೆ 'ಕಾರ್ಡ್' ಎದುರು ಬರೆದ 'ವಾರ್ಡ್'ಗೆ ಸರಿ ಗುರುತು ಬಿದ್ದಿತ್ತು. "ಕಾಕಾ, ಡಾಟರ್, ವಾಟರ್ ಎರಡೂ ಒಂದೇ ಥರ ಕೇಳಸ್ತಾವಲ್ಲ, ತಪ್ಪು ಹ್ಯಾಂಗ ಆಯ್ತು?" ಎಂದು ಅವಳು ಕೇಳಿದಳು. ತಪ್ಪು ಅವಳದಾಗಿರಲಿಲ್ಲ. ಆ ಪುಟದ ಎರಡು ಗುರುತುಗಳೂ ಅದಲುಬದಲಾಗಿದ್ದವು.

ಇಂಗ್ಲಿಷಿನ ಪ್ರಾಸ ಕಿವಿಗೆ ಸೇರಿದ್ದು, ಕಾಗುಣಿತಕ್ಕೆ ಸೇರಿದ್ದಲ್ಲ. ಡಾಟರ್ ಮತ್ತು ಲಾಫ್ಟರ್ ಪದಗಳಲ್ಲಿ ಮೊದಲಿನ ಒಂದು ಅಕ್ಷರ ಬಿಟ್ಟರೆ ಉಳಿದ ಏಳೂ ಇಂಗ್ಲಿಷ್ ಅಕ್ಷರಗಳು ಒಂದೇ ಆಗಿದ್ದರೂ ಉಚ್ಚಾರ ಪೂರ್ತಿ ಬೇರೆ. ಇದಕ್ಕೆ ಕಾರಣ ಆ ಭಾಷೆಯ ಚರಿತ್ರೆಯಲ್ಲಿದೆ. 'ಜಿ-ಎಚ್' ಎಂಬ ಜೋಡಿ ಅಕ್ಷರಕ್ಕೆ ಹಿಂದೆ ತನ್ನದೇ ಆದ ಧ್ವನಿಯಿತ್ತು. ನಮ್ಮ ಕಲಬುರಗಿಯಲ್ಲಿ ಉರ್ದು ಬಲ್ಲವರು 'ಖ್ವಾಜಾ' ಎನ್ನುವಾಗ ಗಂಟಲಿನಿಂದ ಹೊರಡಿಸುವ ಮೊದಲ ಧ್ವನಿಯನ್ನು ನೆನೆದರೆ ಅದು ಹೇಗಿತ್ತೆಂದು ತಿಳಿಯುತ್ತದೆ. ಕಾಲ ಸರಿದಂತೆ ಕೆಲವು ಪದಗಳಲ್ಲಿ ಆ ಧ್ವನಿ ಸುಮ್ಮನೆ ಬಿದ್ದುಹೋಯಿತು, ಕೆಲವು ಪದಗಳಲ್ಲಿ 'ಫ್' ಆಯಿತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮುದ್ರಣಾಲಯ ತೆರೆದ ಮೇಲೆ ಕಾಗುಣಿತ ನಿಧಾನವಾಗಿ ಒಂದೆಡೆ ನೆಲೆನಿಂತಿತು, ಮಾತು ಮಾತ್ರ ಬದಲಾಗುತ್ತಲೇ ಹೋಯಿತು.

ಆದ್ದರಿಂದ ನಾನು ಅವಳಿಗೆ ಹೇಳಿದ ಮೊದಲ ಉಪಾಯವೆಂದರೆ, ಇಂಗ್ಲಿಷ್ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವುದು. ಹೀಗೆ ಬರೆಯಬಾರದೆಂದು ಅನೇಕ ಕಡೆ ಮಕ್ಕಳನ್ನು ಗದರಿಸುತ್ತಾರೆ. ಪ್ರಾಸ ಹುಡುಕುವ ಮಟ್ಟಿಗೆ ಆ ಗದರಿಕೆ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಥ್ರೂ, ಬ್ಲೂ, ಶೂ, ಟೂ, ಹೂ ಎಂದು ಬರೆದಾಗ ಐದೂ ಪದಗಳು ದೀರ್ಘ ಊಕಾರದಲ್ಲಿ ನಿಲ್ಲುವುದು ಮಗುವಿಗೂ ಕಾಣುತ್ತದೆ, ಆದರೆ ಇಂಗ್ಲಿಷಿನಲ್ಲಿ ಅವುಗಳ ಕೊನೆಗಳು ಒಂದಕ್ಕೊಂದು ಹೋಲುವುದೇ ಇಲ್ಲ. ಮರುದಿನ ಸಂಜೆ ಜಗತ್ ವೃತ್ತದಿಂದ ಸೂಪರ್ ಮಾರ್ಕೆಟ್‌ವರೆಗೆ ನಡೆಯುತ್ತ ಅಂಗಡಿಗಳ ಬೋರ್ಡುಗಳನ್ನು ಓದುತ್ತ ಹೋದೆವು. ಸ್ವೀಟ್‌ಗೆ ಸೀಟ್, ಸ್ಟೋರ್‌ಗೆ ಡೋರ್, ಮಾರ್ಟ್‌ಗೆ ಆರ್ಟ್ ಸಿಕ್ಕವು; ಒಂದು ದವಾಖಾನೆಯ ಬೋರ್ಡಿನಲ್ಲಿ 'ಹಾರ್ಟ್' ಕಂಡ ಕೂಡಲೇ ಅವಳೇ ಅದನ್ನು ಮಾರ್ಟ್ ಪಕ್ಕಕ್ಕೆ ಸೇರಿಸಿದಳು. ಇಂಗ್ಲಿಷ್ ಕಾಗುಣಿತವನ್ನೇ ನೆಚ್ಚಿದವರು ಆ ಜೋಡಿಯನ್ನು ಸುಲಭವಾಗಿ ಕಾಣಲಾರರು.

ನಮ್ಮ ಪ್ರಾಸದ ರೂಢಿ ಬೇರೆ ಎಂಬುದನ್ನೂ ಅವಳಿಗೆ ಹೇಳಬೇಕಾಯಿತು. ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ 9ನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ಪ್ರಾಸವನ್ನು ಕುರಿತು ಚರ್ಚಿಸುತ್ತದೆ. ಆ ಪ್ರಾಸದ ಸ್ಥಾನ ಸಾಲಿನ ಎರಡನೆಯ ಅಕ್ಷರ. ಅಲ್ಲಿ ವ್ಯಂಜನ ಒಂದೇ ಆಗಿರಬೇಕು, ಅದರ ಮೇಲಿನ ಸ್ವರ ಯಾವುದಾದರೂ ಆಗಬಹುದು. ಮಳೆ, ಹೊಳೆ, ಕಳಸ ಎಂಬಂತೆ ಮೊದಲಕ್ಷರ ಹ್ರಸ್ವವಾಗಿದ್ದರೆ ಸಿಂಹಪ್ರಾಸ. ತಾಳ, ಬಾಳು, ಹೋಳಿಗೆ ಎಂಬಂತೆ ದೀರ್ಘವಾಗಿದ್ದರೆ ಗಜಪ್ರಾಸ. ಇಂಗ್ಲಿಷಿನ ಪ್ರಾಸ ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವಾಗಿದೆ: ಪದದಲ್ಲಿ ಒತ್ತು ಬೀಳುವ ಕೊನೆಯ ಸ್ವರದಿಂದ ಹಿಡಿದು ಪದ ಮುಗಿಯುವವರೆಗಿನ ಧ್ವನಿಯೆಲ್ಲ ಒಂದೇ ಆಗಿರಬೇಕು, ಆ ಸ್ವರಕ್ಕೆ ಮುಂಚಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು.

ಈ ಒತ್ತಿನ ಮಾತು ನಮ್ಮ ಮಕ್ಕಳಿಗೆ ಎಲ್ಲಕ್ಕಿಂತ ಕಷ್ಟ, ಏಕೆಂದರೆ ನಾವು ಪದದ ಪ್ರತಿ ಅಕ್ಷರವನ್ನೂ ಸುಮಾರಾಗಿ ಸಮವಾಗಿಯೇ ನುಡಿಯುತ್ತೇವೆ. ಗೋಯಿಂಗ್ ಮತ್ತು ಕಮಿಂಗ್ ಎರಡೂ 'ಇಂಗ್' ಎಂದು ಮುಗಿಯುವುದರಿಂದ ಪ್ರಾಸವೆಂದು ಅವಳು ವಾದಿಸಿದಳು. ಬಂದನು, ಹೋದನು ಎಂದು ಪ್ರತ್ಯಯದ ಬಲದಿಂದಲೇ ಸಾಲಿನ ಕೊನೆ ಕೂಡಿಸಿಕೊಳ್ಳುವ ಕನ್ನಡದ ಕಿವಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಅಲ್ಲಿ ಒತ್ತು ಬೀಳುವುದು 'ಗೋ' ಮತ್ತು 'ಕ'ಗಳ ಮೇಲೆ, ಅವೆರಡರ ಸ್ವರ ಕೂಡುವುದಿಲ್ಲ. ಸಿಂಗಿಂಗ್, ರಿಂಗಿಂಗ್ ಎಂದಾಗ ಒತ್ತಿನ ಸ್ವರದಿಂದಲೇ ಹೊಂದಾಣಿಕೆ ಶುರುವಾಗುತ್ತದೆ.

ಇನ್ನು ಕಾರ್ಡ್ ಮತ್ತು ವಾರ್ಡ್. ಇಲ್ಲಿ ನನ್ನ ಉಪಾಯವೇ ಕೈಕೊಡುತ್ತದೆ, ಅದನ್ನು ಅವಳಿಂದ ಮುಚ್ಚಿಡುವುದು ಸರಿಯಲ್ಲವೆನ್ನಿಸಿತು. ಇಂಗ್ಲಿಷಿನಲ್ಲಿ 'ಆ' ಮತ್ತು 'ಓ'ಗಳ ನಡುವೆ, ತುಟಿ ದುಂಡಗೆ ಮಾಡಿ ನುಡಿಯುವ ಒಂದು ದೀರ್ಘ ಸ್ವರವಿದೆ. ಅದಕ್ಕೆ ನಮ್ಮಲ್ಲಿ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ವಾರ್ಡ್ ಎನ್ನುವಾಗ ಆಕಾರವನ್ನೂ ಬೋರ್ಡ್ ಎನ್ನುವಾಗ ಓಕಾರವನ್ನೂ ಬಳಸುತ್ತೇವೆ. ನಿಜವಾಗಿ ವಾರ್ಡ್‌ನ ಜೊತೆಗಾರ ಬೋರ್ಡ್, ಕಾರ್ಡ್ ಅಲ್ಲ. ತಹಶೀಲ್ ಕಚೇರಿಯಲ್ಲಿ ತುಂಬುವ ಫಾರ್ಮ್ ಮತ್ತು ಕೋಳಿ ಸಾಕುವ ಫಾರ್ಮ್ ನಮ್ಮ ಬರವಣಿಗೆಯಲ್ಲಿ ಒಂದೇ ಆದರೂ, 'ವಾರ್ಮ್' ಎಂಬ ಪದಕ್ಕೆ ಪ್ರಾಸವಾಗುವುದು ಮೊದಲನೆಯದು ಮಾತ್ರ. 'ಡಬ್ಲ್ಯೂ' ಅಕ್ಷರದ ಧ್ವನಿ ತನ್ನ ಮುಂದಿನ ಆಕಾರವನ್ನು ದುಂಡಾಗಿಸಿದ್ದೇ ಇದಕ್ಕೆ ಕಾರಣ. ವಾಟರ್ ಪದದಲ್ಲಿಯೂ ಅದೇ ದುಂಡು ಸ್ವರವಿದೆ, ಡಾಟರ್‌ನಲ್ಲಿ ಇರುವುದೂ ಅದೇ.

ಹೀಗೆ ಅನುಮಾನ ಬಂದಾಗ ಉಚ್ಚಾರಕ್ಕಾಗಿ ನಿಘಂಟನ್ನು ಕೇಳುವುದೇ ದಾರಿ. ಜಾನ್ ವಾಕರ್ 1775ರಲ್ಲಿ ಪ್ರಕಟಿಸಿದ ಪ್ರಾಸಕೋಶದಲ್ಲಿ ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿ ಜೋಡಿಸಲಾಗಿತ್ತು. ಅದು ಬಹಳ ಶ್ರಮದ ಕೆಲಸ, ಆದರೂ ಕಾಗುಣಿತಕ್ಕೆ ಕಟ್ಟುಬಿದ್ದ ಜೋಡಣೆ. ಈಗ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ಕೋಶ ಎಲ್ಲರಿಗೂ ಉಚಿತವಾಗಿ ದೊರೆಯುತ್ತದೆ. ಅದರಲ್ಲಿ 1,30,000ಕ್ಕೂ ಹೆಚ್ಚು ಪದಗಳನ್ನು 39 ಧ್ವನಿಗಳ ಗುರುತಿನಲ್ಲಿ ಬರೆದು, ಪ್ರತಿ ಸ್ವರಕ್ಕೂ ಒತ್ತಿನ ಪ್ರಮಾಣವನ್ನು 0, 1, 2 ಎಂದು ತೋರಿಸಿದ್ದಾರೆ. ಮುಖ್ಯ ಒತ್ತಿನ ಗುರುತಾದ 1 ಇರುವ ಸ್ವರವನ್ನು ಹುಡುಕಿ ಅಲ್ಲಿಂದ ಮುಂದಕ್ಕೆ ಹೋಲಿಸಿದರೆ ಪ್ರಾಸ ಹೌದೋ ಅಲ್ಲವೋ ತಿಳಿಯುತ್ತದೆ. ಆ ಕೋಶದಲ್ಲಿಯೂ ಡಾಟರ್ ಮತ್ತು ವಾಟರ್ ಒಂದಕ್ಕೊಂದು ಕೂಡುತ್ತವೆ.

ಬರುವ ಶನಿವಾರ ನಾನು ಅವಳ ಶಾಲೆಗೆ ಹೋಗುವವನಿದ್ದೇನೆ. ಡಾಟರ್, ವಾಟರ್, ಲಾಫ್ಟರ್, ಕಾರ್ಡ್, ವಾರ್ಡ್, ಬೋರ್ಡ್ ಪದಗಳ ಉಚ್ಚಾರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ. "ಕಾಕಾ, ಮೇಡಂ ಛಲೋ ಕಲಸ್ತಾರ, ಜೋರು ಮಾಡಬ್ಯಾಡ" ಎಂದು ಅವಳು ಎರಡು ಸಲ ಹೇಳಿದ್ದಾಳೆ. ಜೋರು ಮಾಡುವುದಿಲ್ಲ, ಆರೂ ಪದಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಬೇಕೆಂದಿದ್ದೇನೆ.