ಹೋದವರ ಜಾಗ ತುಂಬಲು ಹೋಗದ ಬ್ಯಾಂಡ್: ಡಿಯರ್‌ಹೂಫ್

ಒಂದು ಬ್ಯಾಂಡ್‌ನ ಗಿಟಾರಿಸ್ಟ್ ಬಿಟ್ಟು ಹೋದರೆ ಉಳಿದವರು ಸಾಮಾನ್ಯವಾಗಿ ಅದೇ ಥರ ನುಡಿಸುವ ಇನ್ನೊಬ್ಬರನ್ನು ಹುಡುಕುತ್ತಾರೆ. ಹಳೇ ಹಾಡು ಹಳೇ ಥರಾನೇ ಕೇಳಿಸಬೇಕಲ್ವಾ, ಅದಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದ ರಾಕ್ ಬ್ಯಾಂಡ್ ಡಿಯರ್‌ಹೂಫ್ ಇದಕ್ಕೆ ಪೂರ್ತಿ ಉಲ್ಟಾ. ಯಾರು ಉಳಿದಿದ್ದಾರೋ ಅವರ ಕೈಲಿ ಏನಾಗುತ್ತದೋ ಅದೇ ಇವರ ಸಂಗೀತ. 30 ವರ್ಷದಿಂದ ಹೀಗೇ ನಡೆದಿದೆ. ನನಗೆ ಇವರ ಮೇಲೆ ಇಷ್ಟು ಪ್ರೀತಿ ಇರುವುದೂ ಇದಕ್ಕೇ.

ಇವರು ಶುರುವಾಗಿದ್ದೇ ಹಾಗೆ. ನೈಟರ್ ಪಿಟ್ ಅಂತ ನಾಲ್ಕು ಜನರ ಬ್ಯಾಂಡ್ ಒಂದಿತ್ತು. ಗಿಟಾರ್ ನುಡಿಸುತ್ತಿದ್ದ ಇಬ್ಬರೂ ಬಿಟ್ಟು ಹೋದರು. ಉಳಿದವರು ಬೇಸ್ (ದಪ್ಪ ದನಿಯ ಗಿಟಾರ್) ನುಡಿಸುವ ರಾಬ್ ಫಿಸ್ಕ್, ಡ್ರಮ್ಸ್ ಬಾರಿಸುವ ಗ್ರೆಗ್ ಸೌನಿಯರ್, ಇಬ್ಬರೇ. ಬೇರೆಯವರಾಗಿದ್ದರೆ ಅಂಗಡಿ ಮುಚ್ಚುತ್ತಿದ್ದರು. ಇವರು 1994ರಲ್ಲಿ ಬರೀ ಬೇಸು, ಡ್ರಮ್ಸು ಇಟ್ಟುಕೊಂಡೇ ಗದ್ದಲ ಎಬ್ಬಿಸಿದರು, ಮರುವರ್ಷ ಕಿಲ್ ರಾಕ್ ಸ್ಟಾರ್ಸ್ ಅನ್ನುವ ರೆಕಾರ್ಡ್ ಕಂಪನಿಯವರ ಕಣ್ಣಿಗೂ ಬಿದ್ದರು.

ಆಮೇಲೆ ಹಾಡಲು ಸತೋಮಿ ಮಾತ್ಸುಝಾಕಿ ಬಂದರು. ಜಪಾನ್‌ನಿಂದ ಅಮೆರಿಕಕ್ಕೆ ಬಂದು ಇನ್ನೂ ಒಂದು ವಾರ ಆಗಿರಲಿಲ್ಲ, ಹಿಂದೆ ಯಾವ ಬ್ಯಾಂಡ್‌ನಲ್ಲೂ ಇದ್ದವರಲ್ಲ, ಆದರೂ ಸೇರಿಸಿಕೊಂಡರು. ನನ್ನ ಪ್ರಕಾರ ಇಡೀ ಬ್ಯಾಂಡ್‌ನ ಹಣೆಬರಹ ಬದಲಾಗಿದ್ದು ಅಲ್ಲೇ. ಆಕೆಯ ದನಿ ತೆಳ್ಳಗೆ, ಮೇಲಿನ ಸ್ವರದಲ್ಲಿ, ಯಾವ ಗಮಕವೂ ಇಲ್ಲದೆ, ಮಗು ಅಂಗಳದಲ್ಲಿ ಪ್ರಾಸ ಹೇಳಿದ ಹಾಗೆ ಬರುತ್ತದೆ. ಸುತ್ತ ಗಿಟಾರ್‌ಗಳು ಕಿರುಚಾಡುತ್ತಿದ್ದರೂ ಆ ದನಿ ಒಂಚೂರೂ ಅಲುಗುವುದಿಲ್ಲ. ಒಂದು ಹಾಡಿನಲ್ಲಿ 'ಪಾಂಡಾ, ಪಾಂಡಾ, ಪಾಂಡಾ' ಅಂತ ಮತ್ತೆ ಮತ್ತೆ ಹೇಳುತ್ತಾರೆ, ಕೆಳಗೆ ತಾಳ ಎಲ್ಲೆಲ್ಲೋ ಎಡವಿ ಎದ್ದು ಓಡುತ್ತಿರುತ್ತದೆ.

1999ರಲ್ಲಿ ಫಿಸ್ಕ್ ಹೊರಟರು. ಜಾನ್ ಡೀಟ್ರಿಕ್ ಗಿಟಾರ್ ಹಿಡಿದು ಬಂದರು, ಆಮೇಲೆ ಕ್ರಿಸ್ ಕೋಹೆನ್. ಈ ನಾಲ್ವರು ಸೇರಿದ ಮೇಲೆ ಬಂದದ್ದೆಲ್ಲ ಚಿನ್ನ. 2003ರ 'ಆಪಲ್ ಓ' ಆಲ್ಬಮ್‌ನ ಬಹುಪಾಲನ್ನು ಒಂದೇ ಪಟ್ಟಿಗೆ 9 ಗಂಟೆಯಲ್ಲಿ ರೆಕಾರ್ಡ್ ಮಾಡಿ ಮುಗಿಸಿದ್ದರು. ಮರುವರ್ಷದ 'ಮಿಲ್ಕ್ ಮ್ಯಾನ್' ಅನ್ನು ಅಮೆರಿಕದ ಮೇನ್ ರಾಜ್ಯದ ನಾರ್ತ್ ಹೇವನ್ ಅನ್ನುವ ಪುಟ್ಟ ದ್ವೀಪದ ಶಾಲೆಯ ಮಕ್ಕಳು 2006ರಲ್ಲಿ ಬ್ಯಾಲೆ ಮಾಡಿ ಕುಣಿದರು. ಇಷ್ಟು ವಿಚಿತ್ರ ಸಂಗೀತ ಮಕ್ಕಳಿಗೆ ಸಲೀಸಾಗಿ ಹಿಡಿಸಿತು ಅನ್ನುವುದು ನನಗೆ ಬಹಳ ಖುಷಿ ಕೊಡುವ ವಿಷಯ. 2005ರ 'ದ ರನ್ನರ್ಸ್ ಫೋರ್'ನಲ್ಲಿ ಸತೋಮಿ, ಕ್ರಿಸ್ ಇಬ್ಬರೂ ವಾದ್ಯ ಅದಲು ಬದಲು ಮಾಡಿಕೊಂಡರು: ಆಕೆ ಗಿಟಾರ್, ಅವರು ಬೇಸ್. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಹೀಗೆ ಮಾಡಲು ಗುಂಡಿಗೆ ಬೇಕು.

2006ರಲ್ಲಿ ಕ್ರಿಸ್ ತಮ್ಮದೇ ಬ್ಯಾಂಡ್ ಕಡೆ ಗಮನ ಕೊಡಲು ಬಿಟ್ಟು ಹೋದರು. ಉಳಿದ ಮೂವರು ಮಾಡಿದ 'ಫ್ರೆಂಡ್ ಆಪರ್ಚುನಿಟಿ' 2007ರಲ್ಲಿ ಬಂತು. ಹಿಂದಿನದರಲ್ಲಿ 20 ಹಾಡು, ಇದರಲ್ಲಿ 10 ಮಾತ್ರ. ಕೀಬೋರ್ಡು, ಎಲೆಕ್ಟ್ರಾನಿಕ್ ಸದ್ದು ಜಾಸ್ತಿ, ಅಲ್ಲಲ್ಲಿ ಧಾರಾಳವಾಗಿ ಬಿಟ್ಟ ಮೌನ. ಒಬ್ಬರು ಕಡಿಮೆಯಾದದ್ದನ್ನು ಮುಚ್ಚಿಡುವ ಪ್ರಯತ್ನ ಎಲ್ಲೂ ಕಾಣುವುದಿಲ್ಲ. 2008ರಲ್ಲಿ ಎಡ್ ರೊಡ್ರಿಗೆಜ್ ಬಂದರು. ಜಾನ್ ಜೊತೆ ಹಿಂದೆಯೇ ಗೋರ್ಜ್ ಟ್ರಿಯೋ ಅನ್ನುವ ಬ್ಯಾಂಡ್‌ನಲ್ಲಿ ನುಡಿಸಿದವರು. ಎರಡು ಗಿಟಾರ್ ಮತ್ತೆ ಬಂತು, ಆದರೆ ಕ್ರಿಸ್ ಕಾಲದ ಸದ್ದು ವಾಪಸ್ ಬರಲಿಲ್ಲ, ಬರಲಿ ಅಂತ ಇವರು ಬಯಸಿದಂತೆಯೂ ಇಲ್ಲ. ಅಲ್ಲಿಂದ ಇಲ್ಲಿಯವರೆಗೆ ಅದೇ ನಾಲ್ವರು.

ಇಷ್ಟೆಲ್ಲದರಲ್ಲಿ ಮೊದಲಿನಿಂದ ಇರುವವರು ಗ್ರೆಗ್ ಒಬ್ಬರೇ. ಅವರ ಡ್ರಮ್ ಸೆಟ್ ನೋಡಿ: ಎಷ್ಟೋ ಸಲ ಕಾಲಲ್ಲಿ ಬಾರಿಸುವ ಒಂದು ಕಿಕ್ ಡ್ರಮ್, ಒಂದು ಸ್ನೇರ್ ಡ್ರಮ್, ತಟ್ಟೆಯಂಥ ಒಂದು ಸಿಂಬಲ್, ಮುಗೀತು. ಅಷ್ಟರಲ್ಲೇ ಸಿಂಬಲ್‌ನ ಅಂಚು, ಮಧ್ಯ, ಡ್ರಮ್‌ನ ಕಟ್ಟು ಎಲ್ಲವನ್ನೂ ಬಡಿದು ಇಡೀ ಹಾಲ್ ತುಂಬಿಸುತ್ತಾರೆ. ಇರುವುದರಲ್ಲೇ ಎಲ್ಲ ಮಾಡುವ ಬ್ಯಾಂಡ್‌ನ ಸ್ವಭಾವ ಬಂದಿದ್ದು ಈ ಮನುಷ್ಯನಿಂದ ಅಂತ ನನಗೆ ಬಲವಾಗಿ ಅನಿಸುತ್ತದೆ.

ಜನ ಬದಲಾಗುವುದು ನಿಂತ ಮೇಲೂ ಇವರು ಒಂದೇ ಕಡೆ ಕೂರಲಿಲ್ಲ. 2023ರ 'ಮಿರಾಕಲ್ ಲೆವೆಲ್' ಪೂರ್ತಿ ಜಪಾನೀ ಭಾಷೆಯಲ್ಲಿದೆ. 2025ರಲ್ಲಿ ಸ್ಪಾಟಿಫೈನಿಂದ ತಮ್ಮ ಹಾಡುಗಳನ್ನು ತೆಗೆಸುತ್ತೇವೆ ಅಂತ ಹೇಳಿದರು, ಯಾಕಂದ್ರೆ ಅದರ ಆಗಿನ ಮುಖ್ಯಸ್ಥ ಡೇನಿಯಲ್ ಏಕ್ ಯುದ್ಧಕ್ಕೆ ಬಳಸುವ ಎಐ ತಯಾರಿಸುವ ಹೆಲ್ಸಿಂಗ್ ಕಂಪನಿಗೆ ದುಡ್ಡು ಹಾಕಿದ್ದರು. ಇವರೇನು ಕೋಟಿಗಟ್ಟಲೆ ಕೇಳುಗರಿರುವವರಲ್ಲ, ಆದರೂ ಮಾಡಿದರು.

ಹೊಸದಾಗಿ ಕೇಳುವವರು 'ದ ರನ್ನರ್ಸ್ ಫೋರ್' ಮತ್ತು 'ಫ್ರೆಂಡ್ ಆಪರ್ಚುನಿಟಿ' ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ನಾಲ್ವರು ಮೂವರಾದಾಗ ಏನಾಯಿತು ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಸಂಗೀತಗಾರರಿಂದಲೇ ಹಾಡು ಕೊಳ್ಳುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ ಹುಡುಕಿ, ಆದರೆ ಕಾಸು ಕೊಟ್ಟೇ ಕೊಳ್ಳಿ.