ಹದಿನೆಂಟು ಸಾವಿರ

ನಾನು ಸಣ್ಣ ಸಾಲ ಕೊಡುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮೊದಲು ತೀರ್ಥಹಳ್ಳಿ, ಹೊಸನಗರದ ಕಡೆ ಬೈಕಿನಲ್ಲಿ ಸುತ್ತಿ ಕಂತು ವಸೂಲಿ ಮಾಡುತ್ತಿದ್ದೆ. 2024ರಿಂದ ಶಿವಮೊಗ್ಗದ ಆಫೀಸಿನಲ್ಲಿದ್ದೇನೆ. ನಿಯಮ ಬದಲಾದಾಗೆಲ್ಲ ಅದನ್ನು ಓದಿ, ನಮ್ಮ ಕಡೆಯ ಮಾತು ಬರೆದು ಸರ್ಕಾರಕ್ಕೆ, ಉದ್ಯಮದ ಸಂಘಕ್ಕೆ ಕಳಿಸೋದು ಈಗಿನ ಕೆಲಸ. ಅಪ್ಪ ಕೇಳಿದಾಗ 'ಕಂಪನಿ ಪರ ಅರ್ಜಿ ಬರೀತೀನಿ' ಅಂದೆ. ಅವರಿಗೆ ಅಷ್ಟೇ ಸಾಕಾಯಿತು.

2025ರ ಜನವರಿ ನೆನಪಿರಬಹುದು. ಸಾಲದವರ ಕಾಟಕ್ಕೆ ಮನೆ ಬಿಟ್ಟು ಹೋದವರ ಸುದ್ದಿ ದಿನಾ ಪೇಪರಿನಲ್ಲಿ. ಸರ್ಕಾರ ಕಾನೂನು ತರುತ್ತದೆ ಅಂತ ಗೊತ್ತಾದ ಕೂಡಲೇ ಮೇಲಿನವರಿಂದ ಫೋನ್ ಬಂತು, ಮನವಿ ರೆಡಿ ಮಾಡು ಅಂತ. ಹನ್ನೊಂದು ಪುಟ ಬರೆದೆ. 2010ರಲ್ಲಿ ಆಂಧ್ರದಲ್ಲಿ ಸಣ್ಣ ಸಾಲದ ಕಂಪನಿಗಳ ಮೇಲೆ ಸುಗ್ರೀವಾಜ್ಞೆ ಬಂದ ಮೇಲೆ ಕಂತು ನಿಂತು, ಹೊಸ ಸಾಲವೂ ನಿಂತು ಹೋದದ್ದು, ಆಮೇಲೆ ಇದನ್ನು ನೋಡಲು ರಿಸರ್ವ್ ಬ್ಯಾಂಕಿನ ಮಾಲೆಗಾಂ ಸಮಿತಿ ಕೂತದ್ದು, 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದದ್ದು, ಎಲ್ಲ ಹಾಕಿದೆ. ನಮ್ಮ ಮೇಲೆ ಆಗಲೇ ರಿಸರ್ವ್ ಬ್ಯಾಂಕ್ ಇದೆ, ಇನ್ನೊಂದು ಕಾನೂನು ಬೇಡ, ತಪ್ಪು ಮಾಡುತ್ತಿರುವುದು ನೋಂದಣಿ ಇಲ್ಲದ ಮೀಟರ್ ಬಡ್ಡಿಯವರು. ಇದೇ ಅದರ ಸಾರ. ಸುಳ್ಳು ಒಂದೂ ಇರಲಿಲ್ಲ.

ಫೆಬ್ರವರಿ 12ಕ್ಕೆ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿ ಆದವರಿಗೆ ಅದು ಅನ್ವಯಿಸುವುದಿಲ್ಲ. ಅಂದರೆ ನಾವು ಹೊರಗೆ! ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ನನ್ನ ಮನವಿಯಿಂದಲೇ ಹೀಗಾಯಿತು ಅಂತ ನಾನಂತೂ ನಂಬಲಿಲ್ಲ, ಆದರೆ ಎರಡು ಪೀಸ್ ತಿಂದೆ.

ಮರುವಾರ ಹೊಸನಗರ ಕಡೆಯ ಒಂದು ಸೆಂಟರಿನಲ್ಲಿ, ಅಂದರೆ ಸಾಲ ತಗೊಂಡವರು ಸೇರಿ ಕಂತು ಕಟ್ಟುವ ಜಾಗದಲ್ಲಿ, ಅರ್ಧ ಜನ ಕಂತೇ ತರಲಿಲ್ಲ. 'ಸಾಲ ಮನ್ನಾ ಆಯ್ತಂತಲ್ಲ' ಅಂದರಂತೆ. ಸುಗ್ರೀವಾಜ್ಞೆಯಲ್ಲಿ ನೋಂದಣಿ ಇಲ್ಲದವರು ಬಡವರಿಗೆ ಕೊಟ್ಟ ಸಾಲಕ್ಕೆ ಮಾತ್ರ ಆ ಮಾತು ಇತ್ತು, ಊರಿಗೆ ಬರುವಷ್ಟರಲ್ಲಿ ಎಲ್ಲ ಸಾಲಕ್ಕೂ ಆಗಿತ್ತು. ವಿವರಿಸಿ ಬಾ ಅಂತ ನನ್ನನ್ನು ಕಳಿಸಿದರು. ಹಳೇ ಜಾಗ, ಹಳೇ ಮುಖಗಳು. ಒಬ್ಬ ಅಕ್ಕನ ಮನೆ ಅಂಗಳದಲ್ಲಿ ಕೂತು, ನಾವು ಆರ್‌ಬಿಐ ಕೆಳಗೆ ಬರುವವರು, ಈ ಕಾನೂನು ಬೇರೆಯವರಿಗೆ, ಅಂತ ಹತ್ತು ನಿಮಿಷ ಹೇಳಿದೆ. ಆ ಅಕ್ಕ ಅಡಿಕೆ ಸುಲಿಯುವ ಮೆಟ್ಟುಗತ್ತಿ ಬದಿಗಿಟ್ಟು, ಅಡಿಕೆ ಕಲೆಯಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿದರು:

"ಸರ್, ಸೋಮವಾರ ಬರೋರದ್ದೂ ಕಪ್ಪು ಬ್ಯಾಗು, ಗುರುವಾರ ಬರೋ ನಿಮ್ಮದೂ ಕಪ್ಪು ಬ್ಯಾಗು. ಯಾರ ಹಣೆ ಮೇಲೆ ಆರ್‌ಬಿಐ ಅಂತ ಬರ್ದಿರ್ತದೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಹನ್ನೊಂದು ಪುಟ ನಿಂತಿದ್ದೇ ಆ ಒಂದು ವ್ಯತ್ಯಾಸದ ಮೇಲೆ, ಅಲ್ವಾ.

ಆಮೇಲೆ ಅವರು ಒಳಗಿನಿಂದ ಪ್ಲಾಸ್ಟಿಕ್ ಕವರ್ ತಂದು ಚಾಪೆಯ ಮೇಲೆ ಸುರಿದರು. ನಾಲ್ಕು ಸಾಲದ ಕಾರ್ಡು. ಎರಡು ಯಾವ ಲೆಕ್ಕಕ್ಕೂ ಸಿಗದವರದ್ದು, ಯಾರಿಗೆ ಎಷ್ಟು ಸಾಲ ಇದೆ ಅಂತ ತೋರಿಸುವ ಕ್ರೆಡಿಟ್ ರಿಪೋರ್ಟಿನಲ್ಲಿ ಹುಡುಕಿದರೂ ಕಾಣುವುದಿಲ್ಲ. ಒಂದು ನಮ್ಮದು. ಅದರ ಜೊತೆ ಮಡಚಿಟ್ಟ ಅರ್ಜಿಯ ಜೆರಾಕ್ಸ್ ಕೂಡ ಇತ್ತು. ಮನೆಯ ತಿಂಗಳ ಆದಾಯ: 18,000. ಅಕ್ಷರ ನನ್ನದೇ, 2023ರದ್ದು.

ಹದಿನೆಂಟು ಸಾವಿರ ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ವರ್ಷಕ್ಕೆ ಮೂರು ಲಕ್ಷದ ಒಳಗೆ ಆದಾಯ ಇರುವ ಮನೆಗೆ ಮಾತ್ರ ಈ ಸಾಲ, ಅಂದರೆ ತಿಂಗಳಿಗೆ 25,000 ದಾಟಬಾರದು. ಎಲ್ಲ ಸಾಲದ ಕಂತು ಸೇರಿ ಆದಾಯದ ಅರ್ಧ ಮೀರಬಾರದು. ರಿಪೋರ್ಟಿನಲ್ಲಿ ಕಾಣುತ್ತಿದ್ದ ಅವರ ಕಂತು, ನಮ್ಮದೂ ಸೇರಿ, 8,600 ಆಗುತ್ತಿತ್ತು. ಹದಿನಾಲ್ಕು ಸಾವಿರ ಬರೆದಿದ್ದರೆ ಸಾಲ ಪಾಸಾಗುತ್ತಿರಲಿಲ್ಲ. ಹದಿನೆಂಟು ಬರೆದರೆ ಆರಾಮಾಗಿ ಪಾಸು. ಹೊರಗೆ ಮಳೆ, ಒಳಗೆ ಮೂವತ್ತು ಜನ, ಟ್ಯಾಬ್‌ನಲ್ಲಿ ನೆಟ್‌ವರ್ಕ್ ಇಲ್ಲ, ಸಂಜೆಯೊಳಗೆ ಎಲ್ಲ ಅರ್ಜಿ ಬ್ರಾಂಚಿಗೆ ಹೋಗಬೇಕು. ಕೇಳಲಿಲ್ಲ, ಸುಮ್ನೆ ಬರೆದೆ.

"ಸುಲಿಯೋ ಕಾಲದಲ್ಲಿ ಹದಿನೆಂಟೂ ಆಗ್ತದೆ ಬಿಡಿ," ಅಂದರು ಅಕ್ಕ. "ಆಷಾಢದ ಮಳೆಯಲ್ಲಿ ಎಲ್ಲಿಂದ ತರೋದು?"

ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಯ್ಲು ಶುರುವಾದರೆ ರಾತ್ರಿ ಹನ್ನೊಂದರವರೆಗೂ ಅಡಿಕೆ ಸುಲಿತ, ಕೈತುಂಬಾ ಕೆಲಸ. ಜೋರು ಮಳೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಗಂಡಸರಿಗೆ ಕೂಲಿ ಇರುತ್ತದೆ, ಹೆಂಗಸರಿಗೆ ನಾಟಿಯ ನಾಲ್ಕು ದಿನ ಬಿಟ್ಟರೆ ಅಷ್ಟಕ್ಕಷ್ಟೆ. ನಮ್ಮ ಕಂತು ಮಾತ್ರ ಜನವರಿಗೂ ಜುಲೈಗೂ ಒಂದೇ.

ಆಫೀಸಿಗೆ ಬಂದು ಆ ಸೆಂಟರಿನ ಅರ್ಜಿ ತೆಗೆಸಿದೆ. 31ರಲ್ಲಿ 26 ಅರ್ಜಿಯಲ್ಲಿ ಹದಿನೆಂಟು ಸಾವಿರ. ಆಡಿಟ್‌ನಲ್ಲಿ ಫೋಟೋ ನೋಡಿದ್ದಾರೆ, ಸಹಿ ನೋಡಿದ್ದಾರೆ, ಇಪ್ಪತ್ತಾರು ಮನೆಗೆ ಒಂದೇ ಆದಾಯ ಹೇಗೆ ಅಂತ ಒಬ್ಬರೂ ಕೇಳಿಲ್ಲ.

ಎರಡನೇ ಮನವಿ ಬರೆದೆ. ಎರಡೂವರೆ ಪುಟ. ಸಾಲ ಕೊಡುವವರೆಲ್ಲರ ಲೆಕ್ಕವೂ ಕ್ರೆಡಿಟ್ ರಿಪೋರ್ಟಿಗೆ ಬರಲಿ, ಅಡಿಕೆ ಸೀಮೆಯಲ್ಲಿ ಮಳೆಗಾಲದ ಕಂತು ಕಡಿಮೆ ಇಡಲು ಅವಕಾಶ ಕೊಡಿ, ಅಂತ. ಕೊನೆಗೆ ಹೆಸರು ತೆಗೆದು ಹದಿನೆಂಟು ಸಾವಿರದ ಕಥೆ. ನಮ್ಮ ಮ್ಯಾನೇಜರ್ ಓದಿ, "ನಮ್ಮ ಕುತ್ತಿಗೆಗೆ ನಾವೇ ಹಗ್ಗ ಕೊಡೋದಾ ಮಾರಾಯಾ?" ಅಂದರು. ಅವರ ಭಯ ಸುಳ್ಳಲ್ಲ. ಎರಡು ದಿನ ಜಗ್ಗಾಡಿ ಕಥೆ ಒಂದು ಪ್ಯಾರಾಕ್ಕೆ ಇಳಿಯಿತು.

ಅದನ್ನು ಹಿಡಿದು ನಾನೂ ಮ್ಯಾನೇಜರೂ ಸರ್ಕಾರಿ ಅಧಿಕಾರಿಯ ಹತ್ತಿರ ಹೋದೆವು. ಆ ಪ್ಯಾರಾ ಒಂದನ್ನೇ ಅವರು ಎರಡು ಸಲ ಓದಿದರು. ಮೊದಲ ಮನವಿ ಕೊಟ್ಟಾಗ 'ಇಟ್ಟು ಹೋಗಿ' ಅಂದಿದ್ದವರು ಈ ಸಲ ಕುರ್ಚಿ ತೋರಿಸಿದರು. ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಆಮೇಲೆ ಮಳೆಗಾಲದ ಕಂತಿನ ಸಾಲಿನ ಮೇಲೆ ಪೆನ್ನಿಟ್ಟು, "ಇದಕ್ಕೆ ನನ್ನ ಹತ್ತಿರ ಯಾಕೆ ಬಂದ್ರಿ? 2022ರ ನಿಯಮ ಓದಿ" ಅಂದರು.

ಹೌದು. ಕಂತು ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಸಾಲಗಾರರ ಅಗತ್ಯಕ್ಕೆ ಹೊಂದಿಸಿಕೊಡಲು ಪ್ರತಿ ಸಂಸ್ಥೆಯೂ ತನ್ನ ಆಡಳಿತ ಮಂಡಳಿಯಲ್ಲಿ ಒಪ್ಪಿಗೆಯಾದ ನೀತಿ ಇಟ್ಟುಕೊಂಡಿರಬೇಕು ಅಂತ ಅದರಲ್ಲೇ ಇದೆ. ಹನ್ನೊಂದು ಪುಟದಲ್ಲಿ ಆ ನಿಯಮದ ಹೆಸರು ಎಷ್ಟು ಸಲ ಬರೆದಿದ್ದೆನೋ. ಬೇರೆ ಕಾನೂನು ಬೇಡ ಅನ್ನಲು ಅದನ್ನು ಗುರಾಣಿ ಮಾಡಿಕೊಂಡಿದ್ದೆ, ಅದರೊಳಗಿನ ಈ ಸಾಲು ಕಣ್ಣಿಗೇ ಬಿದ್ದಿರಲಿಲ್ಲ. ಮೆಟ್ಟಿಲು ಇಳಿಯುವಾಗ ಮ್ಯಾನೇಜರ್ ಮಾತಾಡಲಿಲ್ಲ, ನಾನೂ ಆಡಲಿಲ್ಲ.

ಮೂರನೇ ಮನವಿ ನಮ್ಮ ಕಂಪನಿಗೇ ಬರೆದೆ. ಸದ್ಯಕ್ಕೆ ಎರಡು ಬ್ರಾಂಚಿನಲ್ಲಿ ನೋಡೋಣ ಅಂತ ಒಪ್ಪಿದ್ದಾರೆ. ಅಲ್ಲಿನ ಹೊಸ ಅರ್ಜಿಯಲ್ಲಿ ಆದಾಯಕ್ಕೆ ಒಂದು ಖಾನೆ ಇಲ್ಲ, ಹನ್ನೆರಡು ತಿಂಗಳಿಗೆ ಹನ್ನೆರಡು ಖಾನೆ. ಒಂದು ಅರ್ಜಿಗೆ ಅರ್ಧ ಗಂಟೆ ಹಿಡಿಯುತ್ತದೆ ಅಂತ ಫೀಲ್ಡಿನ ಹುಡುಗರು ನನ್ನನ್ನು ಬೈದುಕೊಳ್ಳುತ್ತಾರೆ. ಬೈಯಲಿ, ನಾನಾಗಿದ್ದರೂ ಬೈಯುತ್ತಿದ್ದೆ. ಆ ಅಕ್ಕನ ಹೊಸ ಅರ್ಜಿ ಮೊನ್ನೆ ನನ್ನ ಟೇಬಲ್ಲಿಗೆ ಬಂತು. ಡಿಸೆಂಬರ್ ಎದುರು 19,000, ಜುಲೈ ಎದುರು 7,500 ಅಂತ ಇದೆ. ಕಾಟು ಹಾಕಿ, ತಿದ್ದಿ, ಮತ್ತೆ ಬರೆದ ಅಂಕಿ.